ಎಡಕ್ಕೆ ಒಂದು ಗೇಣು

ತರಬೇತಿಯ ದಿನ ಶೋಭಾರಾಣಿ ಮೇಜಿನ ಮೇಲೆ ಟವೆಲ್ಲು ಹಾಸಿ ಎರಡು ದುರ್ಬೀನುಗಳನ್ನು ಅಕ್ಕಪಕ್ಕ ಇಡುತ್ತಿದ್ದಳು. ಎರಡೂ ಬಂದೂಕಿನ ಮೇಲೆ ಕೂಡಿಸುವಂಥವು. ಒಂದು ಹಳೆಯದು, ಉಕ್ಕಿನ ಕೊಳವೆಯದು, ಕಪ್ಪು ಬಣ್ಣ ಅಲ್ಲಲ್ಲಿ ಸವೆದು ಬೆಳ್ಳಗಾಗಿದ್ದು. ಇನ್ನೊಂದು ಹೊಸದು, ಹಗುರ, ಮೈತುಂಬ ಗುಂಡಿಗಳಿದ್ದದ್ದು. ಹೊಸದನ್ನು ಹೇಗೆಂದರೆ ಹಾಗೆ ಇಡುತ್ತಿದ್ದಳು. ಹಳೆಯದನ್ನು ಮಾತ್ರ ಅದರ ಎಡಮಗ್ಗುಲು ಕೆಳಗೆ ಬರುವ ಹಾಗೆ ನೋಡಿ ಇಡುತ್ತಿದ್ದಳು.

"ಇದು ನಾಕು ಪಟ್ಟು ಹತ್ರ ತೋರಸ್ತೈತಿ, ನಾಕ ಅಂದ್ರ ನಾಕ," ಎಂದು ಹಳೆಯದನ್ನು ಬೆರಳಿನಿಂದ ಮುಟ್ಟಿ ಶುರು ಮಾಡುತ್ತಿದ್ದಳು. "ಹೆಚ್ಚು ಮಾಡಾಕ ಬರಂಗಿಲ್ಲ, ಕಡಿಮಿ ಮಾಡಾಕ ಬರಂಗಿಲ್ಲ. ಪ್ರಾಣಿ ಎಷ್ಟು ದೂರ ಐತಿ ಅನ್ನೂದನ್ನ ನಿಮ್ಮ ಕಣ್ಣಲೇ ಅಳೀಬೇಕು. ಹೊತ್ತು ಇಳೀತಂದ್ರ ಇದರಾಗಿನ ಕರೀ ಗೆರಿ ಕರಡಿ ಮೈಮ್ಯಾಲ ಕಾಣಂಗೇ ಇಲ್ಲ. ಈಗ ಹೊಸಾದು ನೋಡ್ರಿ. ಮೂರರಿಂದ ಒಂಬತ್ತು ಪಟ್ಟಿನ ತನಕ ತಿರುವಿಕೊಬೌದು. ಈ ಗುಂಡಿ ಒತ್ತಿದ್ರ ನಡುವ ಕೆಂಪು ಚುಕ್ಕಿ ಬರ್ತೈತಿ. ಇದನ್ನ ಒತ್ತಿದ್ರ ಎಷ್ಟು ಮೀಟರ್ ದೂರ ಅನ್ನೂದು ಮೂಲ್ಯಾಗ ಬರ್ತೈತಿ."

ಹೊಸದಾಗಿ ಕೆಲಸಕ್ಕೆ ಸೇರಿದ ಅರಣ್ಯ ಗಾರ್ಡುಗಳು ತಲೆ ಆಡಿಸುತ್ತ ಬರೆದುಕೊಳ್ಳುತ್ತಿದ್ದರು. ಅಲ್ಲಿಯವರೆಗೆ ಅವಳು ಹೇಳಿದ್ದೆಲ್ಲ ನಿಜ. ಅದಾದ ಮೇಲೆ ಒಂದು ಮಾತು ಬರುತ್ತಿತ್ತು. "ಹಳೇದು ತಾನಾಗೇ ಗುರಿ ತಪ್ಪತೈತಿ. ನಂಬಾಕ ಆಗಂಗಿಲ್ಲ." ಆ ಮಾತು ಹೇಳುವಾಗ ಆಕೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದಳು. ಅದು ಸುಳ್ಳು ಎಂಬುದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಶೋಭಾರಾಣಿ ತಾವರಗೇರಾದವಳು. ಅಪ್ಪ ಗ್ಯಾನಪ್ಪ, ಅವ್ವ ಹುಲಗೆಮ್ಮ ಇಬ್ಬರೂ ಪರರ ಹೊಲದಲ್ಲಿ ಶೇಂಗಾ ಕಿತ್ತು, ಸಜ್ಜೆ ಕೊಯ್ದು ಮಗಳನ್ನು ಗಂಗಾವತಿಯ ಕಾಲೇಜಿಗೆ ಕಳಿಸಿದ್ದರು. ಕಾಲೇಜಿನ ಎನ್‌ಸಿಸಿಯಲ್ಲಿ ಮೊದಲ ಸಲ ಬಂದೂಕು ಹಿಡಿದಾಗ ಅವಳ ಐದು ಗುಂಡುಗಳಲ್ಲಿ ನಾಲ್ಕು ಕರಿವೃತ್ತದೊಳಗೆ ಬಿದ್ದಿದ್ದವು. ಹವಾಲ್ದಾರರು ಹಲಗೆಯನ್ನೂ ಅವಳನ್ನೂ ಎರಡೆರಡು ಸಲ ನೋಡಿದ್ದರು. ಇಪ್ಪತ್ತಮೂರನೇ ವಯಸ್ಸಿಗೆ ಗಂಗಾವತಿಯಲ್ಲಿಯೇ ಅರಣ್ಯ ಗಾರ್ಡ್ ಕೆಲಸ ಸಿಕ್ಕಿತು. ಊರಲ್ಲಿ ಗ್ಯಾನಪ್ಪ ತಿಂಗಳಾನುಗಟ್ಟಲೆ ಅದೇ ಸುದ್ದಿ ಹೇಳಿಕೊಂಡು ತಿರುಗಿದ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ತನ್ನ ಕ್ವಾರ್ಟರ್ಸಿಗೇ ಕರೆತಂದು ಇಟ್ಟುಕೊಂಡಳು.

ಕೆಲಸದಲ್ಲಿ ಅವಳಿಗೆ ಗುರುವಾಗಿ ಸಿಕ್ಕವನು ವಿರುಪಣ್ಣ. ಕಾರಟಗಿಯವನು, ಇಪ್ಪತ್ತೆರಡು ವರ್ಷದಿಂದ ಇಲಾಖೆಯ ಇಂಜೆಕ್ಷನ್ ಬಂದೂಕು ಅವನ ಕೈಯಲ್ಲಿತ್ತು. ಊರೊಳಗೆ ಬಂದು ಸಿಕ್ಕಿಕೊಂಡ ಕರಡಿಗೋ ಚಿರತೆಗೋ ದೂರದಿಂದ ಅರವಳಿಕೆ ಸೂಜಿ ಹೊಡೆದು ಮಲಗಿಸುವ ಬಂದೂಕು ಅದು. ಗುಂಡಿನ ಹಾಗೆ ಆ ಸೂಜಿಗೆ ವೇಗವಿಲ್ಲ. ದೂರ ಹೋದಷ್ಟೂ ಬಾಗಿ ಇಳಿಯುತ್ತದೆ. ತೊಡೆಯ ಮಾಂಸಕ್ಕೆ ಬೀಳಬೇಕಾದದ್ದು ಒಂದು ಗೇಣು ಆಚೀಚೆ ಆದರೆ ಕೆಲಸ ಕೆಟ್ಟಂತೆ. ಹಾಗಾಗಿ ದುರ್ಬೀನನ್ನು ಬಂದೂಕಿಗೆ ಸರಿಯಾಗಿ ಕೂಡಿಸುವುದೇ ಆ ವಿದ್ಯೆಯ ಅರ್ಧ. ವಿರುಪಣ್ಣ ಪ್ರತಿ ಸೋಮವಾರ ಹುಲ್ಲು ತುಂಬಿದ ಗೋಣಿಚೀಲವನ್ನು ಬೇವಿನ ಮರಕ್ಕೆ ಕಟ್ಟಿ, ಇಪ್ಪತ್ತೈದು ಮೀಟರ್ ಅಳೆದು ನಿಂತು, ಖಾಲಿ ಸೂಜಿ ಹೊಡೆದು ಗುರಿ ಕೂಡಿಸುತ್ತಿದ್ದ. ಕೂಡಿದ ಮೇಲೆ ದುರ್ಬೀನಿನ ಗುರಿ ಸರಿಸುವ ತಿರುಪಿನ ಮೇಲೆ ಹೆಂಡತಿ ಶಿವಲಿಂಗಮ್ಮನ ಉಗುರುಬಣ್ಣದ ಒಂದು ಹನಿ ಇಡುತ್ತಿದ್ದ. ಯಾರಾದರೂ ತಿರುಪು ತಿರುವಿದರೆ ಬಣ್ಣ ಸೀಳಿ ತಿಳಿಯಬೇಕು. ಆಮೇಲೆ ರಿಜಿಸ್ಟರಿನಲ್ಲಿ ಸಹಿ.

"ತಂಗಿ, ಎರಡು ಮಾತು ನೆನಪಿಡು," ಎಂದಿದ್ದ ಮೊದಲ ವಾರವೇ. "ಬಂದೂಕು ಪೆಟ್ಟಿಗ್ಯಾಗಿಂದ ಹೊರಗ ತಗಿಯೂದು ಜಾಗಾಕ್ಕ ಹೋದ ಮ್ಯಾಲ. ಅಲ್ಲೀಮಟ ಪೆಟ್ಟಿಗಿ ತಗೀಬಾರ್ದು. ಮತ್ತ ಪ್ರಾಣಿಗೆ ಹೊಡೆಯೂಕಿಂತ ಮೊದಲ ಚೀಲಕ್ಕ ಮೂರು ಹೊಡೀಬೇಕು. ಎಷ್ಟ ಅವಸರ ಇರ್ಲಿ."

ಐದು ವರ್ಷದ ಹಿಂದಿನ ಒಂದು ಡಿಸೆಂಬರ್ ಮುಂಜಾನೆ ಆಕೆ ಆ ಎರಡೂ ಮಾತು ಮೀರಿದಳು.

ಅಂದು ಆನೆಗೊಂದಿಯ ಹತ್ತಿರ ಬಾಳೆತೋಟವೊಂದಕ್ಕೆ ಗುಡ್ಡದಿಂದ ಕರಡಿ ಇಳಿದಿತ್ತು. ಬಾಳೆನಾರು ತೆಗೆಯುವ ಹೆಂಗಸರ ಶೆಡ್ಡಿನ ಹಿಂದೆ ಕಡಿದು ಒಟ್ಟಿದ್ದ ದಿಂಡುಗಳ ಸಂದಿಯಲ್ಲಿ ಸೇರಿಕೊಂಡು ಕೂತಿತ್ತು. ವಿರುಪಣ್ಣ ರಜೆಯ ಮೇಲೆ ಕಾರಟಗಿಯಲ್ಲಿದ್ದ. ಅವನ ನಿವೃತ್ತಿಗೆ ಇನ್ನು ಮೂರೇ ತಿಂಗಳಿತ್ತು. ಸಾಹೇಬರು ಶೋಭಾರಾಣಿಗೆ ಫೋನು ಮಾಡಿ, "ಇವತ್ತು ನೀವೇ ನೋಡ್ಕೋಬೇಕು," ಎಂದರು. ಒಬ್ಬಳೇ ಹೊಡೆಯುವ ಮೊದಲ ಸಲ ಅದು. ಜೀಪು ನಡೆಸುತ್ತಿದ್ದವನು ಅಕ್ಬರ, ದಿನಗೂಲಿಯ ಡ್ರೈವರ್. ದಾರಿಯಲ್ಲಿ ಸುಮ್ಮನೆ ಕೂರಲಾಗದೆ ಆಕೆ ಪೆಟ್ಟಿಗೆ ತೆಗೆದು ಬಂದೂಕನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹೋಗಿ ಇಳಿಯುತ್ತಲೇ ಸಿದ್ಧವಾಗಿರಬೇಕು, ಎಲ್ಲರೂ ನೋಡಬೇಕು ಎಂಬ ಆಸೆ ಒಳಗೆಲ್ಲೋ ಇತ್ತು. ಅದನ್ನು ಆಮೇಲೆ ಆಕೆ ಎಷ್ಟೋ ಸಲ ತನಗೆ ತಾನೇ ಒಪ್ಪಿಕೊಂಡಿದ್ದಾಳೆ.

ತೋಟದ ಬಾಯಲ್ಲಿ ಜೀಪು ನಿಂತಿತು. ಅಕ್ಬರ ಇಳಿದು ಬಲೆ ತೆಗೆಯಲು ಹಿಂದೆ ಹೋದ. ಆಕೆ ಬಾಗಿಲು ತೆರೆದು ಕಾಲಿಡುವಷ್ಟರಲ್ಲಿ ಬಂದೂಕು ತೊಡೆಯಿಂದ ಜಾರಿ, ಅಲ್ಲಿದ್ದ ಕರಿಬಂಡೆಯ ಮೇಲೆ ಬಿತ್ತು. ದುರ್ಬೀನಿನ ಎಡಮಗ್ಗುಲಿಗೇ ಪೆಟ್ಟು. ಸಣ್ಣ ಸದ್ದು, ತಂಬಿಗೆ ಬಿದ್ದಷ್ಟು. ಅಕ್ಬರನಿಗೆ ಕೇಳಿಸಲಿಲ್ಲ. ಎತ್ತಿಕೊಂಡು ಕಣ್ಣಿಟ್ಟು ನೋಡಿದಳು. ಬಾಳೆ ಎಲೆಯ ನರ ಕೂಡ ನಿಚ್ಚಳವಾಗಿ ಕಂಡಿತು, ಗಾಜು ಒಡೆದಿರಲಿಲ್ಲ. ಕೊಳವೆಯ ಮೇಲೆ ಹೆಬ್ಬೆರಳ ಉಗುರಿನಷ್ಟು ತಗ್ಗು ಬಿದ್ದಿತ್ತು. ಹಳೇ ಗಾಯಗಳ ನಡುವೆ ಅದೂ ಒಂದು.

ಪಶುವೈದ್ಯರು ಔಷಧಿ ಅಳೆದು ಸೂಜಿಗೆ ತುಂಬಲು ಹದಿನೈದು ನಿಮಿಷ ತಗೊಂಡರು. ಕರಡಿ ಎಲ್ಲಿಯೂ ಹೋಗುತ್ತಿರಲಿಲ್ಲ, ನಿದ್ದೆ ಹೋದ ಹಾಗೆ ಕೂತಿತ್ತು. ಗೋಣಿಚೀಲ ಜೀಪಿನಲ್ಲಿಯೇ ಇತ್ತು. ತೋಟದ ಆಚೆ ಬದಿಗೆ ಹೋಗಿ ಮೂರು ಖಾಲಿ ಸೂಜಿ ಹೊಡೆಯಲು ಐದು ನಿಮಿಷ ಸಾಕಿತ್ತು. ಆದರೆ ಹೊಡೆದು ಗುರಿ ತಪ್ಪಿದ್ದು ಕಂಡರೆ, ಅಲ್ಲಿಗೆ ಬಂದಿದ್ದ ಸಾಹೇಬರು ಯಾಕೆಂದು ಕೇಳುತ್ತಾರೆ. ಬಂದೂಕು ಬಿತ್ತು ಅನ್ನಬೇಕು. ಪೆಟ್ಟಿಗೆಯಿಂದ ಯಾಕೆ ತೆಗೆದಿರಿ ಅನ್ನುತ್ತಾರೆ. ಶೆಡ್ಡಿನ ಹೆಂಗಸರು ಬದುವಿನ ಮೇಲೆ ನಿಂತು, ಹೆಣ್ಣುಮಗಳು ಹೊಡೆಯುತ್ತಾಳಂತೆ ಎಂದು ಅವಳನ್ನೇ ನೋಡುತ್ತಿದ್ದರು. ಶೋಭಾರಾಣಿ ಆ ಹದಿನೈದು ನಿಮಿಷ ಬಂದೂಕಿನ ಬೆಲ್ಟು ಸರಿಮಾಡುತ್ತ ಕಳೆದಳು.

ಇಪ್ಪತ್ತೈದು ಮೀಟರಿನಿಂದ ಹೊಡೆದಳು. ಗೆರೆಗಳು ಕೂಡುವ ಜಾಗ ಕರಡಿಯ ತೊಡೆಯ ಮೇಲೇ ಇತ್ತು, ಉಸಿರು ಹಿಡಿದಿದ್ದಳು, ಕೈ ನಡುಗಲಿಲ್ಲ. ಸೂಜಿ ಎಡಕ್ಕೆ ಒಂದು ಗೇಣು ಸರಿದು ಬಾಳೆದಿಂಡಿಗೆ ಹೊಡೆಯಿತು. ಕರಡಿ ಬೆಚ್ಚಿ ಎದ್ದು, ಆ ಕಡೆಗೇ ನುಗ್ಗಿತು. ಆ ಕಡೆ ಬಲೆ ಹಿಡಿದು ಅಕ್ಬರ ನಿಂತಿದ್ದ.

ಮುಂದಿನದ್ದು ಎಣಿಸಿದರೆ ಹತ್ತು ಉಸಿರಿನಷ್ಟು ಹೊತ್ತು. ಜನರ ಕೂಗಿಗೆ ಕರಡಿ ಅವನನ್ನು ಬಿಟ್ಟು ಗುಡ್ಡ ಹತ್ತಿತು. ಮುಖಕ್ಕೆ ಕೈ ಅಡ್ಡ ಹಿಡಿದಿದ್ದರಿಂದ ಅಕ್ಬರನ ಕಣ್ಣು ಉಳಿದವು, ಬಲಗೈ ಉಳಿಯಲಿಲ್ಲ. ಮೂರು ಸಲ ಕೊಯ್ದು ಹೊಲಿದರೂ ಆ ಕೈಯ ಬೆರಳು ಮಡಚಲಿಲ್ಲ. ಸ್ಟೇರಿಂಗು ಹಿಡಿಯುವುದು ಮುಗಿಯಿತು. ಇಲಾಖೆ ಅವನನ್ನು ಸಸಿ ಬೆಳೆಸುವ ನರ್ಸರಿಗೆ ಹಾಕಿತು.

ವಿಚಾರಣೆಗೆ ಮೇಲಿನಿಂದ ಇಬ್ಬರು ಬಂದರು. "ಗುರಿ ಯಾಕೆ ತಪ್ಪಿತು?" ಎಂದು ಕೇಳಿದರು.

"ದುರ್ಬೀನು ಸರಿ ಇರ್ಲಿಲ್ಲ ಸರ್," ಎಂದಳು. ಅಷ್ಟು ಹೇಳಿ ನಿಂತಳು. ಇನ್ನೊಂದು ವಾಕ್ಯ ಬಾಯೊಳಗೆ ಇತ್ತು. ಅವರು ಇನ್ನೊಂದು ಪ್ರಶ್ನೆ ಕೇಳಿದ್ದರೆ ಹೊರಗೆ ಬರುತ್ತಿತ್ತೇನೋ. ಕೇಳಲಿಲ್ಲ.

ಗೋಣಿಚೀಲಕ್ಕೆ ಹೊಡೆದು ನೋಡಿದರು. ಎಡಕ್ಕೆ ಒಂದು ಗೇಣು. ತಿರುಪಿನ ಮೇಲಿನ ಉಗುರುಬಣ್ಣ ಇಟ್ಟ ಹಾಗೇ ಇತ್ತು, ಯಾರೂ ತಿರುವಿರಲಿಲ್ಲ. ಅಂದ ಮೇಲೆ ಸೋಮವಾರವೇ ತಪ್ಪು ಕೂಡಿಸಿದ್ದಾರೆ ಎಂದು ತೀರ್ಮಾನವಾಯಿತು. ರಿಜಿಸ್ಟರಿನಲ್ಲಿ ವಿರುಪಣ್ಣನ ಸಹಿ. ಹಿಂದಿನ ವರ್ಷ ಅವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿದ್ದೂ ಫೈಲಿನಲ್ಲಿ ಇತ್ತು. ಯಾರೂ ಅವನನ್ನು ಗದರಿಸಲಿಲ್ಲ. ವಯಸ್ಸಾಯ್ತು, ಸಾಮಾನೂ ಹಳೆಯದಾಯ್ತು ಅಂದರು. ವಿರುಪಣ್ಣ, "ನಾ ನೋಡಿದಾಗ ಸರಿ ಇತ್ತು ಸಾಹೇಬ್ರ," ಎಂದು ಒಮ್ಮೆ ಹೇಳಿದ. ಆಮೇಲೆ ತಡೆದು, "ನನಗ ಹಂಗ ಕಂಡಿತ್ತು," ಎಂದು ತಿದ್ದಿಕೊಂಡ. ಗೋಡೆಗೆ ಒರಗಿ ನಿಂತಿದ್ದ ಶೋಭಾರಾಣಿ ಆ ತಿದ್ದುಪಡಿಯನ್ನು ಕೇಳಿಸಿಕೊಂಡಳು. ಅದು ಅವಳ ಕಿವಿಯಲ್ಲಿ ಹಾಗೇ ಉಳಿಯಿತು.

ಹೊಸ ದುರ್ಬೀನು ಬಂತು. ಎಲ್ಲರೂ ಅದನ್ನು ಸ್ಕೋಪು ಅಂದರು. ಹೊಡೆಯುವ ಕೆಲಸ, ಕಲಿಸುವ ಕೆಲಸ ಎರಡೂ ಶೋಭಾರಾಣಿಗೇ ಬಂದವು. ಹಳೆಯದು ಯಾಕೆ ಹೋಯಿತು, ಹೊಸದು ಯಾಕೆ ಬಂತು ಎಂದು ಹೇಳುವಾಗ ವಿರುಪಣ್ಣನ ಹೆಸರು ತೆಗೆಯಲು ಅವಳಿಗೆ ಬಾಯಿ ಬರಲಿಲ್ಲ. ಹಾಗಾಗಿ ತಪ್ಪನ್ನು ದುರ್ಬೀನಿನ ಮೇಲೆ ಹಾಕಿದಳು. ತಾನಾಗೇ ಗುರಿ ತಪ್ಪತೈತಿ. ಉಕ್ಕಿನ ಕೊಳವೆಗೆ ನೋವಾಗುವುದಿಲ್ಲವಲ್ಲ ಎಂದುಕೊಂಡಳು.

ವಿರುಪಣ್ಣನ ನಿವೃತ್ತಿಯಾಗಿ ಒಂದು ವರ್ಷಕ್ಕೆ ಆಕೆ ಕಾರಟಗಿಗೆ ಹೋಗಿದ್ದಳು. ಅವನ ಮನೆ ಅಕ್ಕಿ ಗಿರಣಿಯ ಓಣಿಯಲ್ಲಿ. ಅಂಗಳದಲ್ಲಿ ಅವನ ಮೋಟರ್‌ಸೈಕಲ್ಲಿಗೆ ಗೋಣಿತಟ್ಟು ಹೊದಿಸಿತ್ತು, ಮೇಲೆ ಹೊಟ್ಟಿನ ಧೂಳು ಬೆರಳುದಪ್ಪ ಕೂತಿತ್ತು. ಶಿವಲಿಂಗಮ್ಮ ಚಹಾ ಕೊಡುತ್ತ ಮೆಲ್ಲಗೆ ಹೇಳಿದಳು.

"ಗಾಡಿ ಮುಟ್ಟಂಗಿಲ್ಲ ಯವ್ವ ಇವ್ರು ಈಗ. ಮೊಮ್ಮಗಳ ಕೈ ಹಿಡಕೊಂಡು ರಸ್ತೆ ದಾಟು ಅಂದ್ರೂ ಒಲ್ಲೆ ಅಂತಾರ. ನನ್ನ ಕಣ್ಣ ನಂಬಬ್ಯಾಡ್ರಿ ಅಂತಾರ. ಡಾಕ್ಟರು ನೋಡಿದ್ರ ಏನೂ ಇಲ್ಲ, ಛಲೋ ಅದಾವು ಅಂದ್ರು."

ಆ ದಿನ ಹೇಳಬೇಕೆಂದೇ ಹೋಗಿದ್ದಳು. ಹೇಳದೆ ಬಂದಳು. ಅಷ್ಟೇ ಅಲ್ಲ, ವಿರುಪಣ್ಣ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಅಕ್ಬರನ ಮನೆಗೆ ಹೋಗಿ, ಅವನ ಎದುರು ಒಂದು ತಾಸು ಕೂತು, ನನ್ನಿಂದ ಆತು ತಮ್ಮಾ ಎಂದು ಹೇಳಿ ಬರುತ್ತಾನೆ ಎಂಬುದೂ ಅಂದೇ ತಿಳಿಯಿತು. ಮುಂದಿನ ಮೂರು ವರ್ಷಕ್ಕೂ ಹೆಚ್ಚು ಕಾಲ ಆಕೆ ಕಾರಟಗಿಯ ಕಡೆ ಹೋಗುವ ಕೆಲಸ ಬಂದರೆ ಬೇರೆಯವರಿಗೆ ದಾಟಿಸುತ್ತಿದ್ದಳು.

ಈ ವರ್ಷದ ತಂಡದಲ್ಲಿ ಗೀತಾ ಎಂಬ ಹೊಸ ಗಾರ್ಡ್ ಬಂದಿದ್ದಳು. ಯಲಬುರ್ಗಾ ಕಡೆಯವಳು, ಕೇಳಿದ್ದನ್ನು ಅಲ್ಲಿಗೇ ಬಿಡದವಳು. ಪಾಠ ಮುಗಿದು ಎಲ್ಲರೂ ಏಳುವಾಗ ಹಳೆಯ ದುರ್ಬೀನನ್ನು ಕೈಗೆತ್ತಿಕೊಂಡು, "ಮೇಡಂ, ಕಣ್ಣು ಕಾಣದ ಗಾರ್ಡ್ ಒಬ್ಬರು ಇದ್ರಂತಲ್ರಿ, ಅವ್ರು ಕೂಡಿಸಿದ್ದು ಇದೇನ್ರಿ?" ಎಂದಳು. ಕುಹಕ ಇರಲಿಲ್ಲ. ಅವಳ ಮಟ್ಟಿಗೆ ಅದು ಇಲಾಖೆಯಲ್ಲಿ ಎಲ್ಲರೂ ಹೇಳುವ ಒಂದು ಕತೆ, ಅಷ್ಟೇ.

ಶೋಭಾರಾಣಿ ಮೇಜಿನ ಮೇಲಿನ ಟವೆಲ್ಲು ಮಡಚತೊಡಗಿದಳು. ಗೀತಾ ಎರಡನ್ನೂ ಒಂದೊಂದು ಸಲ ಹೊಡೆದು ನೋಡಲೇ ಎಂದು ಕೇಳಿದಳು. ಬೇಡ ಅನ್ನಲು ಕಾರಣ ಸಿಗಲಿಲ್ಲ. ಬೇವಿನ ಮರಕ್ಕೆ ಚೀಲ ಕಟ್ಟಿದರು. ಹೊಸದರಲ್ಲಿ ಐದು ಹೊಡೆದಳು, ನಾಲ್ಕು ನಡುವಿಗೆ ಬಿದ್ದವು. ಹಳೆಯದನ್ನು ಬಂದೂಕಿಗೆ ಕೂಡಿಸಿ ಐದು ಹೊಡೆದಳು. ಐದೂ ಎಡಕ್ಕೆ ಒಂದು ಗೇಣು ಸರಿದು, ಒಂದು ಅಂಗೈಯಲ್ಲಿ ಮುಚ್ಚುವಷ್ಟು ಜಾಗದಲ್ಲಿ ಬಿದ್ದಿದ್ದವು.

ಗೀತಾ ಚೀಲದ ಎದುರು ನಿಂತು ನೋಡಿದಳು. "ತಾನಾಗೇ ತಪ್ಪೂದಾದ್ರ ಒಂದು ಇತ್ತ, ಒಂದು ಅತ್ತ ಬೀಳ್ಬೇಕಿತ್ತಲ್ರಿ. ಇದು ಐದೂ ಒಂದ ಕಡಿ ಹೊಡದೈತಿ." ದುರ್ಬೀನಿನ ಮೈ ತಿರುಗಿಸಿದಳು. "ಇಲ್ಲಿ ನೋಡ್ರಿ, ಪೆಟ್ಟು ಬಿದ್ದೈತಿ. ಎಲ್ಲೋ ಕೆಡವ್ಯಾರ."

ಆಮೇಲೆ ತಿರುಪನ್ನು ಹಿಡಿದು, ಸೀಳಿಹೋಗುವ ಉಗುರುಬಣ್ಣವನ್ನು ಲೆಕ್ಕಿಸದೆ ತಿರುವುತ್ತ, ಹೊಡೆಯುತ್ತ, ತಿರುವುತ್ತ, ಏಳನೆಯದಕ್ಕೆ ನಡುವಿಗೆ ತಂದಳು. ಮುಂದಿನ ಮೂರೂ ನಡುವಿಗೇ. "ಭಾಳ ಛಲೋ ಐತ್ರಿ ಇದು," ಎಂದಳು. "ಎರಡೂ ಕಣ್ಣು ತಗದು ನೋಡಿದ್ರೂ ಸುತ್ತಲಿಂದೆಲ್ಲ ಕಾಣ್ತೈತಿ. ಹೊಸಾದ್ರಾಗ ಒಂಬತ್ತಕ್ಕ ತಿರುವಿದ್ರ ಚೀಲ ಎಲ್ಲಿ ಐತಿ ಅಂತ ಹುಡುಕೂದ ಆಗತೈತಿ."

ಐದು ವರ್ಷ ಆ ದುರ್ಬೀನು ಕಪಾಟಿನಲ್ಲಿ, ಮೇಜಿನ ಮೇಲೆ, ನೂರು ಕೈಗಳಲ್ಲಿ ಓಡಾಡಿತ್ತು. ಆದರೂ ಆ ಬಂಡೆ ಎಷ್ಟು ಸರಿಸಿತ್ತೋ ಅಷ್ಟೇ ಸರಿದು, ಒಂದು ಕೂದಲೆಳೆ ಆಚೀಚೆ ಆಗದೆ ನಿಂತಿತ್ತು. ಇದನ್ನೇ ತಾನು ನಂಬಲಾಗದ್ದು ಎಂದು ಐದು ತಂಡಗಳಿಗೆ ಬರೆಸಿದ್ದೆನಲ್ಲ ಎಂದುಕೊಳ್ಳುತ್ತ ಶೋಭಾರಾಣಿ ಚೀಲದಿಂದ ಸೂಜಿಗಳನ್ನು ಒಂದೊಂದಾಗಿ ಕಿತ್ತಳು. ಆ ದಿನ ಮನೆಯಲ್ಲಿ ರೊಟ್ಟಿ ಮುರಿದು ಹಾಗೇ ಬಿಟ್ಟಳು. ಹುಲಗೆಮ್ಮ, "ಮೈಯಾಗ ಛಲೋ ಇಲ್ಲೇನು?" ಎಂದು ಹಣೆ ಮುಟ್ಟಿದಾಗ, "ಏನಿಲ್ಲ ಬೇ," ಎಂದು ಎದ್ದು ಹೋದಳು.

ಭಾನುವಾರ ಕಾರಟಗಿಗೆ ಹೋದಳು. ವಿರುಪಣ್ಣ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ. "ಬಾ ತಂಗಿ, ಎಷ್ಟು ದಿನಾತು," ಎಂದು ಜಾಗ ಮಾಡಿಕೊಟ್ಟ. ಆಕೆ ಕೂರಲಿಲ್ಲ. ನಿಂತೇ ಹೇಳಿದಳು. ಪೆಟ್ಟಿಗೆ ತೆಗೆದದ್ದು, ಬಂಡೆ, ಹದಿನೈದು ನಿಮಿಷ, ವಿಚಾರಣೆಯಲ್ಲಿ ಅರ್ಧ ಹೇಳಿ ನುಂಗಿದ್ದು, ಎಲ್ಲ. ಅವನ ಕೈಯಲ್ಲಿದ್ದ ಕಾಯಿ ಕೈಯಲ್ಲೇ ನಿಂತಿತು.

"ಯಾವ ಮಗ್ಗಲಾ?" ಎಂದ.

"ಎಡಾ, ಅಣ್ಣಾರ."

"ಎಷ್ಟು ಎತ್ತರಲಿಂದ ಬಿತ್ತು?"

"ಜೀಪಿನ ಸೀಟಿಂದ."

"ಹಂಗಾದ್ರ ಸೋಮವಾರ ಸರಿ ಇತ್ತು."

"ಸರಿ ಇತ್ರಿ."

ವಿರುಪಣ್ಣ ಎದ್ದು ಒಳಗೆ ಹೋದ. ಶಿವಲಿಂಗಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಬೈಯಲಿಲ್ಲ, ಬಾ ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಮುಖ ತೊಳೆದುಕೊಂಡು ಬಂದ. ದನಿ ಏರಿರಲಿಲ್ಲ.

"ಬೀಳಿಸಿದ್ದಕ್ಕ ನಾ ಏನೂ ಅನ್ನಂಗಿಲ್ಲ. ನನ್ನ ಕೈಯಾಗಿಂದೂ ಬಿದ್ದೈತಿ, ಎರಡು ಸಲ. ಮೂರು ಹೊಡೀಲಿಲ್ಲ ನೀನು, ಅದನ್ನೂ ಬಿಡು, ಸಣ್ಣಾಕಿ ಇದ್ದಿ, ಅಂಜಿದಿ. ಆದ್ರ ಐದು ವರ್ಷ ಆ ಅಕ್ಬರನ ಕೈ ಹಿಡಕೊಂಡು ನನ್ನ ಕಣ್ಣಿಗೆ ನಾ ಬೈಕೊಂಡೇನಲ್ಲ. ನೀ ಇದ ಕಟ್ಟಿಮ್ಯಾಲ ಕುಂತು ಚಾ ಕುಡದು ಹೋದಿ."

ಶೋಭಾರಾಣಿ ಕೈ ಮುಗಿದಳು. ಅವನು ಅದನ್ನು ನೋಡದವನಂತೆ ಅವರೆಕಾಯಿಯ ಬುಟ್ಟಿಯನ್ನು ಬದಿಗೆ ಸರಿಸಿದ.

"ನನ್ನ ಹತ್ರ ಯಾಕ ನಿಂತಿ? ನನಗ ಏನಾಗೈತಿ? ಅವನ ಹತ್ರ ಹೋಗು ಮೊದಲ. ಆಮ್ಯಾಲ ಆಫೀಸಿಗೆ ಬರದು ಕೊಡು. ಮಾತಿನಾಗ ಬ್ಯಾಡ, ಕಾಗದದ ಮ್ಯಾಲ."

"ನೀವೂ ಬರ್ತೀರೇನ್ರಿ ನನ್ನ ಜೋಡಿ?" ಎಂದು ಕೇಳಿದಳು. ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು.

"ಇಲ್ಲ," ಎಂದ ವಿರುಪಣ್ಣ.

ಅಕ್ಬರನ ಮನೆ ಗಂಗಾವತಿಯಲ್ಲಿಯೇ, ಕಾಲುವೆಯ ದಂಡೆಯ ಮೇಲೆ. ಮಧ್ಯಾಹ್ನದ ಹೊತ್ತು. ಅವನ ಹೆಂಡತಿ ತಾಜಬೀ ಹೊರಸಿನ ಮೇಲೆ ಮೆಣಸಿನಕಾಯಿ ಹರವುತ್ತಿದ್ದಳು. "ಬರ್ರಿ ಶೋಭಕ್ಕ," ಎಂದು ಚಹಾಕ್ಕೆ ನೀರಿಡಲು ಹೊರಟವಳನ್ನು ಶೋಭಾರಾಣಿ ತಡೆದು, "ನೀನೂ ಕುಂದ್ರು ತಾಜಬೀ, ನಿಂಗೂ ಹೇಳೂದೈತಿ," ಎಂದಳು. ಎರಡನೆಯ ಸಲ ಹೇಳುವುದು ಸುಲಭವಾಗಬಹುದು ಎಂದುಕೊಂಡಿದ್ದಳು. ಆಗಲಿಲ್ಲ. ಆ ಕೈ ಎದುರಿಗೇ ಇತ್ತು, ಮೊಣಕಾಲ ಮೇಲೆ, ಬೆರಳು ಅರ್ಧ ಬಾಗಿ.

ಅಕ್ಬರ ಪೂರ್ತಿ ಕೇಳಿಸಿಕೊಂಡ. ಮುಗಿದ ಮೇಲೆ ಹೇಳಿದ. "ಗುರಿ ಎಂಥವರದೂ ತಪ್ಪತೈತಿ. ಅದಕ್ಕ ನನಗ ಸಿಟ್ಟಿಲ್ಲ. ಆದ್ರ ಡಾಕ್ಟರು ಔಷಧಿ ತುಂಬೂಮಟ ನಾ ನಿಮ್ಮ ಬಾಜೂಕ ಇದ್ನೆಲ್ಲ ಶೋಭಕ್ಕ. ನೀರು ಕೊಟ್ಟೆ ನಿಮಗ, ನೆನಪೈತೇನು? ದುರ್ಬೀನು ಬಿದ್ದೈತಿ, ಗುರಿ ಮ್ಯಾಲ ಭರೋಸಾ ಇಲ್ಲ ಅಂತ ನನಗೊಬ್ಬನಿಗೆ ಹೇಳಿದ್ರ ಸಾಕಿತ್ತು. ಸಾಹೇಬ್ರಿಗೆ ಹೇಳೂದು ಬ್ಯಾಡಾಗಿತ್ತು. ನಾ ಅಷ್ಟು ಮುಂದ ನಿಲ್ತಿರ್ಲಿಲ್ಲ. ಜೀಪಿನ ಹಿಂದ ನಿಲ್ತಿದ್ದೆ."

ನೀರು ಕೊಟ್ಟದ್ದು ಅವಳಿಗೆ ನೆನಪಿತ್ತು.

ತಾಜಬೀ ಮಾತ್ರ ಅಳತೊಡಗಿದಳು. ಆದರೆ ಅವಳು ಅತ್ತದ್ದು ಕೈಗಾಗಿ ಅಲ್ಲ. "ಆ ಹಿರ್ಯಾ ಬಂದಾಗೆಲ್ಲ ನಾ ಮಾರಿ ತಿರುವಿಕೊಂಡು ಚಾ ಕೊಟ್ಟೀನಿ," ಎಂದಳು. "ಒಂದು ಸಲಾನೂ ಊಟ ಮಾಡ್ರಿ ಅಂದಿಲ್ಲ. ಬಸ್ಸಿನ್ಯಾಗ ಅಷ್ಟು ದೂರಿಂದ ಬರ್ತಿದ್ರು. ನನ್ನ ಕೈಲೇ ಈ ಪಾಪ ಮಾಡಿಸಿದ್ರಲ್ಲ ನೀವು." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಇವತ್ತ ಹೋಗ್ರಿ," ಎಂದಳು. ಶೋಭಾರಾಣಿ ಎದ್ದು ಬಂದಳು. ತಾನು ಮುಚ್ಚಿಟ್ಟದ್ದು ಎಷ್ಟು ಮನೆಗಳ ಒಳಗೆ ಹೋಗಿ ಕೂತಿದೆ ಎಂಬುದು ಆ ಕಾಲುವೆ ದಂಡೆಯ ಮೇಲೆ ನಡೆಯುವಾಗ ಅವಳಿಗೆ ಮೊದಲ ಸಲ ಪೂರ್ತಿ ಕಂಡಿತು.

ಸೋಮವಾರ ನಾಲ್ಕು ಪುಟ ಬರೆದು ಸಾಹೇಬರ ಮೇಜಿನ ಮೇಲೆ ಇಟ್ಟಳು. ಐದು ವರ್ಷದಲ್ಲಿ ಸಾಹೇಬರು ಬದಲಾಗಿದ್ದರು. ಇವರು ಓದಿ, ಕನ್ನಡಕ ತೆಗೆದು, "ಯಾರೂ ಕೇಳಿರಲಿಲ್ಲವಲ್ಲ, ಈಗ ಯಾಕೆ ಬರೆದಿರಿ?" ಎಂದರು. "ಕೇಳ್ತಾರಂತನ ಐದು ವರ್ಷ ಕಾಯ್ದೆ ಸರ್," ಎಂದಳು. ಮತ್ತೆ ವಿಚಾರಣೆ ಆಯಿತು. ಬಂದೂಕಿನ ಕೆಲಸದಿಂದ ಅವಳನ್ನು ತೆಗೆದರು, ನಡತೆಯ ಪುಸ್ತಕದಲ್ಲಿ ಬರೆದರು, ನರ್ಸರಿಗೆ ಹಾಕಿದರು. ಹಳೆಯ ವರದಿಯಲ್ಲಿ ವಿರುಪಣ್ಣನ ಬಗ್ಗೆ ಇದ್ದ ಸಾಲುಗಳನ್ನು ರದ್ದು ಮಾಡಿ ಅವನಿಗೊಂದು ಪತ್ರ ಹೋಯಿತು. ಅವನು ಅದಕ್ಕೆ ಉತ್ತರ ಬರೆಯಲಿಲ್ಲ, ಅವಳಿಗೆ ಫೋನನ್ನೂ ಮಾಡಲಿಲ್ಲ. ತಾಜಬೀಯ ಕೈಯ ಊಟ ಮಾಡಿ ಹೋದ ಎಂದು ಮಾತ್ರ ಅಕ್ಬರನಿಂದ ತಿಳಿಯಿತು.

ಗೀತಾಗೆ ಬಂದೂಕು ಒಪ್ಪಿಸುವ ದಿನ ಶೋಭಾರಾಣಿ ಕೊನೆಯ ಸಲ ಪಾಠ ಮಾಡಿದಳು. ಎದುರಿಗೆ ಹದಿನಾಲ್ಕು ಜನ. ಹಳೆಯದು ಭಾರ, ಸಂಜೆಗೆ ಮಂಕು, ದೂರ ಹೇಳುವುದಿಲ್ಲ. ಆದರೆ ಸೆಲ್ಲು ಬೇಕಿಲ್ಲ, ಇಟ್ಟಲ್ಲಿ ನಿಲ್ಲುತ್ತದೆ. ಹೊಸದು ಬೆಳಕು, ಅಳತೆ, ಚುಕ್ಕಿ ಎಲ್ಲ ಕೊಡುತ್ತದೆ. ಆದರೆ ಅದರ ಗುಂಡಿಗಳು ಮೈಮೇಲೇ ಇರುವುದರಿಂದ ಚೀಲದಲ್ಲಿ ಉಜ್ಜಿದರೂ ತಿರುಗಿಬಿಡುತ್ತವೆ. "ಬಿದ್ರ ಮಾತ್ರ ಎರಡೂ ಒಂದ," ಎಂದಳು. "ಬಿದ್ದೈತಿ ಅಂತ ಅದು ಹೇಳಂಗಿಲ್ಲ. ನೀವು ಹೇಳ್ಬೇಕು. ನಾ ಹೇಳ್ಲಿಲ್ಲ." ಮುಂದೆ ನಡೆದದ್ದನ್ನು ಹೇಳಿದಳು, ಈ ಸಲ ಅವರ ಮುಖ ನೋಡಿಯೇ ಹೇಳಿದಳು. ಯಾರೂ ಬರೆದುಕೊಳ್ಳಲಿಲ್ಲ. ಒಬ್ಬಿಬ್ಬರು ತಲೆ ತಗ್ಗಿಸಿದರು. ಹಗುರಾಗುತ್ತದೆ ಎಂದು ಕೇಳಿದ್ದಳು. ಅಂಥದ್ದೇನೂ ಆಗಲಿಲ್ಲ.

ಈಗ ಆಕೆ ಮುಂಜಾನೆ ಎಂಟಕ್ಕೆ ನರ್ಸರಿಗೆ ಹೋಗುತ್ತಾಳೆ. ಬೇವು, ಹೊಂಗೆ, ಕಮರದ ಸಸಿಗಳ ಚೀಲಕ್ಕೆ ಮಣ್ಣು ತುಂಬುವುದು, ನೀರು ಹಾಕುವುದು, ಸಾಲು ಮಾಡುವುದು. ಆ ಸಾಲಿನ ಇನ್ನೊಂದು ತುದಿಯಲ್ಲಿ ಅಕ್ಬರ. ಅವನು ಚೀಲದ ಬಾಯನ್ನು ಹಲ್ಲಿನಲ್ಲಿ ಕಚ್ಚಿ ಎಡಗೈಯಿಂದ ಮಣ್ಣು ತುಂಬುತ್ತಾನೆ. ಮೊದಲ ದಿನ ಆಕೆ ಚೀಲ ಹಿಡಿಯಲು ಹೋದಾಗ, "ಬ್ಯಾಡ, ರೂಢಿ ಐತಿ," ಎಂದಿದ್ದ. ಮತ್ತೆ ಆಕೆ ಹೋಗಲಿಲ್ಲ. ಮೊದಮೊದಲು ದಿನಕ್ಕೆ ನಾಲ್ಕು ಮಾತು ಕೂಡ ಇರುತ್ತಿರಲಿಲ್ಲ. ಮಳೆಗಾಲ ಬರುವಷ್ಟರಲ್ಲಿ ಕೆಲಸದ ಮಾತು ಶುರುವಾದವು.

ಮೊನ್ನೆ ಆಕೆ ಹೊಂಗೆಯ ಸಸಿಗಳನ್ನು ಬಿಸಿಲಿಗೆ ಸರಿಸುತ್ತಿದ್ದಾಗ ಅವನು ದೂರದಿಂದಲೇ ಹೇಳಿದ. "ಇನ್ನೊಂದು ವಾರ ನೆರಳಾಗ ಇರ್ಲಿ ಶೋಭಕ್ಕ. ಬೇರು ಇನ್ನೂ ಹಿಡಿದಿಲ್ಲ."

"ಆತು," ಎಂದು ಆಕೆ ಸಸಿಗಳನ್ನು ಒಂದೊಂದಾಗಿ ಮತ್ತೆ ಒಳಗೆ ತಂದಿಟ್ಟಳು.